ಒಂದು ಸಾಲು ಕಡಿಮೆ

ನನ್ನ ಕೈಚೀಲದಲ್ಲಿ ಯಾವತ್ತೂ ಒಂದು ಹಾಳೆ ಕೆಂಪು ಬಾಣಗಳಿರುತ್ತವೆ. ಬಾಣವೆಂದರೆ ಹೆದರಬೇಡಿ, ಬೆರಳ ತುದಿಯಷ್ಟಿರುವ ಸ್ಟಿಕರ್. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಚೆಕಿಂಗ್ ಕೆಲಸದಲ್ಲಿದ್ದೇನೆ. ಹೊಲಿದ ಅಂಗಿ ನನ್ನ ಮೇಜಿಗೆ ಬರುತ್ತದೆ. ಕಾಲರ್ ನೋಡಬೇಕು, ತೋಳು ನೋಡಬೇಕು, ಒಳಗೆ ಹೊರಗೆ ತಿರುವಿ ನೋಡಬೇಕು. ಎಲ್ಲಿ ಹೊಲಿಗೆ ತಪ್ಪಿದೆಯೋ ಅಲ್ಲಿಗೆ ಒಂದು ಬಾಣ ಅಂಟಿಸಿ ಹೊಲಿದವರಿಗೆ ವಾಪಸ್ ಕಳಿಸಬೇಕು. ಹೀಗೆ ವಾಪಸ್ ಹೋಗುವ ಅಂಗಿಗೆ ನಮ್ಮಲ್ಲಿ ‘ಆಲ್ಟರ್’ ಅನ್ನುತ್ತಾರೆ. ಅವರು ಬಿಚ್ಚಿ ಮತ್ತೆ ಹೊಲಿದು ಕೊಟ್ಟ ಮೇಲೆ ನಾನು ಬಾಣ ಕಿತ್ತು ಮುಂದಕ್ಕೆ ಬಿಡುತ್ತೇನೆ.

ಇಪ್ಪತ್ತೆರಡು ವರ್ಷ ತಪ್ಪನ್ನೇ ಹುಡುಕಿದವಳ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ಮದುವೆ ಮನೆಗೆ ಹೋದರೆ ಮದುಮಗಳ ಮುಖಕ್ಕಿಂತ ಮೊದಲು ರವಿಕೆಯ ತೋಳಿನ ಜೋಡಣೆ ಕಾಣುತ್ತದೆ. ಒಮ್ಮೆ ನಮ್ಮ ಯಜಮಾನರು ಹೊಸ ಅಂಗಿ ಹಾಕಿಕೊಂಡು ಹೊರಟಾಗ ಬೆನ್ನ ಮೇಲೆ ಒಂದು ಬಾಣ ಅಂಟಿಸಿಬಿಟ್ಟಿದ್ದೆ. ಅವರಿಗೆ ಗೊತ್ತೇ ಆಗಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಅವರ ಕೆಲಸದ ಜಾಗದಲ್ಲಿ ಇಡೀ ದಿನ ಅದನ್ನು ಹೊತ್ತು ತಿರುಗಿ, ಸಂಜೆ ಸಿಂಗಸಂದ್ರದ ನಮ್ಮ ಮನೆಗೆ ಬಂದು, ಇವತ್ತು ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದರು ಕಣೇ ಅಂದರು. ನಾನು ಬೆನ್ನು ತಟ್ಟುವ ನೆಪದಲ್ಲಿ ಬಾಣ ಕಿತ್ತುಕೊಂಡೆ.

ಈ ಬಾಣಗಳನ್ನು ನಾನು ಕವನಗಳ ಮೇಲೂ ಅಂಟಿಸಿದ್ದೇನೆ. ಆ ಕಥೆ ಹೇಳುವ ಮೊದಲು ನನಗೂ ಕವನಕ್ಕೂ ಎಷ್ಟು ದೂರವಿತ್ತು ಅನ್ನುವುದನ್ನು ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಪೀಣ್ಯದಲ್ಲಿ. ಅಪ್ಪ ಪವರ್ ಪ್ರೆಸ್ ಓಡಿಸುತ್ತಿದ್ದರು. ತಗಡಿನ ಹಾಳೆ ಒಳಗೆ ಹೋದರೆ ಆ ಕಡೆಯಿಂದ ವಾಷರ್‌ಗಳು ಉದುರುತ್ತಿದ್ದವು. ನಮ್ಮ ವಠಾರದ ಗೋಡೆಗೂ ಆ ಶೆಡ್ಡಿನ ಗೋಡೆಗೂ ನಡುವೆ ಒಂದು ಮೋರಿ ಮಾತ್ರ. ಧಡ್ ಟಕ ಟಕ, ಧಡ್ ಟಕ ಟಕ ಎಂದು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಬಡಿತ. ಊರಿನಿಂದ ಬಂದ ನೆಂಟರು ಒಂದು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ನನಗೋ ಆ ಶಬ್ದವಿಲ್ಲದೆ ಮಗ್ಗಿಯೇ ಬರುತ್ತಿರಲಿಲ್ಲ. ಹದಿಮೂರರ ಮಗ್ಗಿಯನ್ನು ಪ್ರೆಸ್ಸಿನ ತಾಳಕ್ಕೆ ಕಲಿತವಳು ನಾನು. ಕರೆಂಟು ಹೋಯಿತೆಂದರೆ ಹದಿಮೂರು ಏಳಲದ ಹತ್ತಿರ ನಿಂತುಬಿಡುತ್ತಿದ್ದೆ. ಕರೆಂಟು ಬಂದ ಮೇಲೆಯೇ ತೊಂಬತ್ತೊಂದು ನೆನಪಾಗುತ್ತಿತ್ತು.

ಹೈಸ್ಕೂಲಿನಲ್ಲಿ ಕನ್ನಡಕ್ಕೆ ಒಬ್ಬರು ಒಳ್ಳೆಯ ಮೇಷ್ಟ್ರಿದ್ದರು. ಪಾಠ ಮಾಡುತ್ತಾ ತಾವೇ ಅಳುತ್ತಿದ್ದರು, ನಮ್ಮನ್ನೂ ಅಳಿಸುತ್ತಿದ್ದರು. ಹತ್ತನೇ ತರಗತಿಯಲ್ಲಿ ಛಂದಸ್ಸಿನ ಪಾಠ ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಜನಗಣತಿಯ ಕೆಲಸ ಬಿತ್ತು. ಮನೆಮನೆ ಸುತ್ತಿ, ಕಾಲು ಊದಿಸಿಕೊಂಡು ವಾಪಸ್ ಬಂದಾಗ ಪರೀಕ್ಷೆ ಹತ್ತಿರ ಬಂದಿತ್ತು. ಕರಿಹಲಗೆಯ ಮೇಲೆ ‘ಯಮಾತಾರಾಜಭಾನಸಲಗಂ’ ಎಂದು ಬರೆದರು. ಇದನ್ನು ಬಾಯಿಪಾಠ ಮಾಡಿ ಅಂದರು. ಅರ್ಥವೇನು ಸಾರ್ ಎಂದು ಯಾರೋ ಕೇಳಿದರು. ಮೇಷ್ಟ್ರು ಸ್ವಲ್ಪ ಹೊತ್ತು ಹಲಗೆ ನೋಡಿದರು, ಕೈಗಡಿಯಾರ ನೋಡಿದರು. ಆಮೇಲೆ, ಇದು ಮೂರು ಅಂಕದ ಪ್ರಶ್ನೆ, ಬಿಟ್ಟರೂ ಪಾಸಾಗುತ್ತೀರಿ ಅಂದು ಡಸ್ಟರಿನಿಂದ ಅಳಿಸಿಬಿಟ್ಟರು. ನಾನು ಬಿಟ್ಟೆ, ಪಾಸೂ ಆದೆ. ಆ ಮಂತ್ರ ಮಾತ್ರ ನಾಲಿಗೆಯ ಮೇಲೆ ಉಳಿದುಕೊಂಡಿತು. ಮೊದಲ ಹೆರಿಗೆಯ ನೋವಿನಲ್ಲಿ ನಾನು ದೇವರ ಹೆಸರಿನ ಜೊತೆ ಅದನ್ನೂ ಹೇಳುತ್ತಿದ್ದೆನೆಂದು ಅಮ್ಮ ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಇಂಥವಳನ್ನು ಹೋದ ವರ್ಷ ನಮ್ಮ ಫ್ಯಾಕ್ಟರಿಯಲ್ಲಿ ಕವನ ಸ್ಪರ್ಧೆಯ ತೀರ್ಪುಗಾರಳನ್ನಾಗಿ ಮಾಡಿದರು. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ರಂಗೋಲಿ, ಮ್ಯೂಸಿಕಲ್ ಚೇರ್ ಇರುತ್ತಿತ್ತು. ಆ ವರ್ಷ ಕವನವೂ ಇರಲಿ ಎಂದು ಎಚ್.ಆರ್. ಮೇಡಂಗೆ ಅನಿಸಿತು. ಆ ಹುಡುಗಿ ಬೇರೆ ರಾಜ್ಯದವಳು, ಕನ್ನಡ ಆಗ ತಾನೇ ಕಲಿಯುತ್ತಿದ್ದಳು. ನನ್ನನ್ನು ಕರೆದು, ನೀವು ತುಂಬಾ ಓದ್ತೀರಂತೆ, ಊಟದ ಟೈಮಲ್ಲೂ ಓದ್ತಾ ಇರ್ತೀರಂತೆ ಅಂದಳು. ನಾನು ಓದುವುದು ಡಬ್ಬಿಗೆ ಸುತ್ತಿ ತಂದ ಹಳೇ ಪೇಪರು. ಅದರಲ್ಲಿ ಅರ್ಧ ಸುದ್ದಿ ಎಣ್ಣೆಯಲ್ಲಿ ನೆನೆದಿರುತ್ತದೆ. ಆದರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದವಳೇ ಮಗಳು ಸಹನಾಳ ಹತ್ತನೇ ತರಗತಿಯ ಕನ್ನಡ ಪುಸ್ತಕ ಹಿಡಿದು ಕೂತೆ. ಅವಳು, ಅಮ್ಮ, ಇದು ಮೂರು ಮಾರ್ಕ್ಸಿಂದು, ಈಸಿ ಅಂದಳು. ಇಷ್ಟು ವರ್ಷವಾದರೂ ಛಂದಸ್ಸಿನ ಬೆಲೆ ಏರಿರಲಿಲ್ಲ. ಅವಳೇ ನನಗೆ ಮೇಷ್ಟ್ರಾದಳು. ಅಕ್ಷರವನ್ನು ಬಾಯಲ್ಲಿ ಹೇಳಲು ಹಿಡಿಯುವ ಹೊತ್ತಿಗೆ ಮಾತ್ರೆ ಎಂದು ಹೆಸರು. ಒಂದು ಮಾತ್ರೆ ಹಿಡಿದರೆ ಲಘು, ಎರಡು ಹಿಡಿದರೆ ಗುರು. ‘ಕ’ ಲಘು, ‘ಕಾ’ ಗುರು. ಮುಂದೆ ಒತ್ತಕ್ಷರವಿದ್ದರೆ ಹಿಂದಿನ ಅಕ್ಷರಕ್ಕೆ ಭಾರ ಬಿದ್ದು ಅದೂ ಗುರುವಾಗುತ್ತದೆ. ಪಕ್ಕದಲ್ಲಿ ಸೊನ್ನೆ ಇದ್ದರೂ ಅಷ್ಟೇ. ಲಘುವಿನ ಮೇಲೆ ಸಣ್ಣ ಬಟ್ಟಲಿನಂಥ ಗುರುತು, ಗುರುವಿನ ಮೇಲೆ ಅಡ್ಡಗೆರೆ. ಹೀಗೆ ಗುರುತು ಹಾಕಿ ಮೂರೋ ನಾಲ್ಕೋ ಐದೋ ಮಾತ್ರೆಗೆ ಒಂದೊಂದು ಗುಂಪು ಕಟ್ಟಿದರೆ ಅದು ಗಣ.

ನನಗೆ ಇದು ಎಷ್ಟು ಬೇಗ ಹತ್ತಿತೆಂದರೆ ಮಗಳೇ ಬೆರಗಾದಳು. ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ದಿನವಿಡೀ ಎಣಿಸುವ ಕಣ್ಣಿಗೆ ಮಾತ್ರೆ ಎಣಿಸುವುದು ಯಾವ ಮಹಾ? ಬಸ್ಸಿನಲ್ಲಿ ಹೋಗುವಾಗ ಅಂಗಡಿಯ ಬೋರ್ಡುಗಳಿಗೆಲ್ಲ ಮನಸ್ಸಿನಲ್ಲೇ ಬಟ್ಟಲು, ಗೆರೆ ಹಾಕುತ್ತಿದ್ದೆ. ‘ಗುಂಡಿ’ ಮೂರು ಮಾತ್ರೆ. ‘ಕಾಜ’ ಮೂರು. ‘ಕಾಲರ್’ ನಾಲ್ಕು. ‘ಬೊಮ್ಮನಹಳ್ಳಿ’ ಏಳು. ಅಪ್ಪನ ಪ್ರೆಸ್ಸು ಧಡ್ ಟಕ ಟಕ ಎಂದು ಮೂರು ಮಾತ್ರೆಯ ಎರಡೆರಡು ಗಣ ಹೊಡೆಯುತ್ತಿತ್ತು ಎಂದು ಗೊತ್ತಾದಾಗ, ಅಪ್ಪ ಇದ್ದಿದ್ದರೆ ಹೇಳಬಹುದಿತ್ತು ಅನಿಸಿ ಒಂದು ಕ್ಷಣ ಬೇಜಾರಾಯಿತು. ಸಾರು ಕುದಿಯುವುದಕ್ಕೂ ಗಣ ವಿಭಾಗ ಮಾಡುತ್ತೀಯಾ ಎಂದು ಯಜಮಾನರು ರೇಗಿಸಿದರು. ಪ್ರಾಸದ ವಿಷಯದಲ್ಲಿ ನಾನು ಪುಸ್ತಕ ತಿರುವಲೂ ಇಲ್ಲ. ಸಾಲಿನ ಕೊನೆಗೆ ಒಂದೇ ಥರದ ಅಕ್ಷರ ಬರುವುದು ತಾನೇ ಪ್ರಾಸ, ಸಿನಿಮಾ ಹಾಡು ಕೇಳಿದವರಿಗೆಲ್ಲ ಗೊತ್ತು ಅಂದುಕೊಂಡೆ. ಪಾಠದಲ್ಲಿ ಇನ್ನೂ ಕೆಲವು ಪುಟ ಉಳಿದಿತ್ತು. ಸ್ಪರ್ಧೆ ಹತ್ತಿರ ಬಂದಿದ್ದರಿಂದ ಅಷ್ಟಕ್ಕೇ ಪುಸ್ತಕ ಮುಚ್ಚಿದೆ. ನಮ್ಮ ಮೇಷ್ಟ್ರಿಗೆ ತಕ್ಕ ಶಿಷ್ಯೆ.

ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಅದು ನಾನೇ. ಹತ್ತೊಂಬತ್ತು ಕವನ ಬಂದವು. ನಾನು ಚೆಕಿಂಗ್ ಶೀಟಿನಂತೆಯೇ ಒಂದು ಹಾಳೆಗೆ ಗೆರೆ ಎಳೆದು ಸಾಲು, ಪ್ರಾಸ, ಮಾತ್ರೆ, ಅರ್ಥ ಎಂದು ನಾಲ್ಕು ಮನೆ ಮಾಡಿದೆ. ಅರ್ಥದ ಮನೆ ಕೊನೆಯದು. ಅಲ್ಲಿಯವರೆಗೆ ಬರುವಷ್ಟರಲ್ಲಿ ಸಾಕಾಗಿರುತ್ತಿತ್ತು. ಕವನಗಳನ್ನು ಟೈಪ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಬೇಕು, ತಪ್ಪಿದ್ದರೆ ಮೊದಲೇ ಸರಿಮಾಡಿಸಿ ಎಂದು ಎಚ್.ಆರ್. ಮೇಡಂ ಹೇಳಿದ್ದಳು. ಆ ಮಾತು ನನಗೆ ಸಾಕಾಯಿತು. ಊಟದ ಬಿಡುವಿನಲ್ಲಿ ಕವನಗಳನ್ನು ಚೆಕಿಂಗ್ ಟೇಬಲ್ಲಿನ ಮೇಲೆ ಹರವಿಕೊಂಡು, ಪ್ರಾಸ ತಪ್ಪಿದ ಕಡೆ ಒಂದು ಬಾಣ, ಮಾತ್ರೆ ಹೆಚ್ಚಾದ ಕಡೆ ಒಂದು ಬಾಣ ಅಂಟಿಸುತ್ತಾ ಹೋದೆ. ಕನ್ನಡಮ್ಮನ ಮೇಲೆ ಬರೆದವರನ್ನೂ ಬಿಡಲಿಲ್ಲ. ಹನ್ನೊಂದು ಕವನ ಆಲ್ಟರ್‌ಗೆ ಹೋದವು.

ಅದರಲ್ಲಿ ಒಂದು ಶಿವಕ್ಕನದು. ಶಿವಕ್ಕ ಕೊಪ್ಪಳದ ಕಡೆಯವರು, ನಮ್ಮಲ್ಲಿ ಕಾಲರ್ ಹೊಲಿಯುತ್ತಾರೆ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರು. ಹದಿನಾರು ವರ್ಷದಲ್ಲಿ ಅವರ ಕೈಯಿಂದ ಬಂದ ಕಾಲರಿಗೆ ನಾನು ಬಾಣ ಅಂಟಿಸಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಓದು ಬರಹ ಅಷ್ಟಕ್ಕಷ್ಟೆ. ಹಾಡನ್ನು ಹೊಲಿಯುತ್ತಾ ಹೊಲಿಯುತ್ತಾ ಮನಸ್ಸಿನಲ್ಲೇ ಕಟ್ಟಿಕೊಂಡು, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬರೆಸಿ ತಂದಿದ್ದರು. ಮೊದಲ ಎರಡು ಪದ್ಯ ಹೀಗಿದ್ದವು:

ಹೊಲಿಯೂವ ಕೈಯಾಗ ಹೊಸ ದಾರ ಹಿಡಕೊಂಡು
ಎಲಿಹಸಿರು ಅಂಗಿ ಹೊಲಿದೇನ, ನನ ಕಂದ,
ಅಲಗಾಡೊ ತೊಟ್ಲ ನಗತೈತಿ.

ಗಾಡೀಯ ಗದ್ದಲಕ ಕಣ್ತೆರೆದು ಅಳಬ್ಯಾಡ
ಹಾಡೀನ ನೆಳಲ ನಿನಗೈತಿ, ನನ ಕಂದ,
ಕಾಡೂವ ನಿದ್ದಿ ಬಂದೈತಿ.

ಓದಿದಾಗ ಏನೋ ಚೆನ್ನಾಗಿದೆ ಅನಿಸಿದ್ದು ನಿಜ. ಆದರೆ ಅನಿಸಿಕೆಗೆ ನನ್ನ ಶೀಟಿನಲ್ಲಿ ಮನೆ ಇರಲಿಲ್ಲ. ಉಳಿದ ಹದಿನೆಂಟು ಜನ ನಾಲ್ಕು ನಾಲ್ಕು ಸಾಲು ಬರೆದಿದ್ದರೆ ಇವರು ಮೂರಕ್ಕೇ ನಿಲ್ಲಿಸಿದ್ದರು. ಪ್ರತಿ ಪದ್ಯದ ಕೆಳಗೂ ಒಂದು ಬಾಣ ಬಿತ್ತು. ‘ಒಂದು ಸಾಲು ಕಡಿಮೆ. ಕೊನೆಯಲ್ಲಿ ಪ್ರಾಸ ಇಲ್ಲ. ಸರಿಮಾಡಿ ಕೊಡಿ’ ಎಂದು ಬರೆದು ವಾಪಸ್ ಕೊಟ್ಟೆ. ಶಿವಕ್ಕ ಅಕ್ಷರ ಅಕ್ಷರ ಕೂಡಿಸಿ ಓದಿ, ಹೂಂ ರೀ ಮೇಡಂ ಎಂದು ಮಡಚಿಕೊಂಡು ಹೋದರು. ಹದಿನಾರು ವರ್ಷದಿಂದ ನಾನು ಬಾಣ ಅಂಟಿಸಿ ಕೊಟ್ಟದ್ದನ್ನು ಅವರು ಬಿಚ್ಚಿ ಹೊಲಿದೇ ಕೊಟ್ಟವರು, ಎದುರು ಮಾತಾಡಿದವರಲ್ಲ.

ಮಾರನೇ ದಿನ ಹಾಡು ಸರಿಯಾಗಿ ಬಂತು. ಪ್ರತಿ ಪದ್ಯದ ಕೊನೆಗೂ ‘ನೋಡಾಕ ಬಾಳ ಚಂದೈತಿ’ ಎಂದು ಒಂದೇ ಸಾಲು ಸೇರಿತ್ತು. ತೊಟ್ಲ ನಗತೈತಿ, ನೋಡಾಕ ಬಾಳ ಚಂದೈತಿ. ನಿದ್ದಿ ಬಂದೈತಿ, ನೋಡಾಕ ಬಾಳ ಚಂದೈತಿ. ನಾನು ಖುಷಿಯಿಂದ ಸಾಲಿನ ಮನೆಗೂ ಪ್ರಾಸದ ಮನೆಗೂ ಓಕೆ ಹಾಕಿ, ಬಾಣ ಕಿತ್ತು ಮುಂದಕ್ಕೆ ಬಿಟ್ಟೆ. ಎರಡನೇ ಬಹುಮಾನವನ್ನೂ ಕೊಟ್ಟೆ. ಹಳದಿ ಸೀರೆ, ಕೆಂಪು ರವಿಕೆಯಲ್ಲಿ ಶಿವಕ್ಕ ವೇದಿಕೆಗೆ ಬಂದು, ಹಾಡನ್ನು ಹಾಡದೆ ಓದಿ, ಸ್ಟೀಲ್ ಡಬ್ಬಿ ತೆಗೆದುಕೊಂಡು ಕೆಳಗಿಳಿದರು. ಮುಖದಲ್ಲಿ ನಗುವಿರಲಿಲ್ಲ. ಮೈಕಿನ ಭಯ ಇರಬೇಕು ಅಂದುಕೊಂಡೆ.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ ಶಿವಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಅಂಗಿ ಇರಲಿಲ್ಲ. ಅಂಗಿ ಇಲ್ಲದೆ ಯಾರೂ ನನ್ನ ಹತ್ತಿರ ಬರುವುದಿಲ್ಲ, ಹಾಗಾಗಿ ಏನೋ ಆಗಿದೆ ಅನಿಸಿತು.

“ಐತವಾರ ಮೊಮ್ಮಗಳನ್ನ ತೊಟ್ಲಾಗ ಹಾಕೋದೈತ್ರಿ ಮೇಡಂ. ಆ ಪದ ಅದಕ್ಕಂತನ ಕಟ್ಟಿದ್ದೆ. ಈಗ ಹಾಡಾಕ ಬರವಲ್ದು. ಆ ನಾಕನೇ ಸಾಲಿಗೆ ಬಂದಕೂಡ್ಲೆ ರಾಗ ನಿಂತಬಿಡತೈತಿ. ಅದನ್ನ ಬಿಟ್ಟು ಹಾಡೂಣಂದ್ರ ಬಾಯಾಗ ಅದ ಬರ್ತೈತಿ. ನಂದೆಲ್ಲೋ ತಪ್ಪಾಗೇತಿ. ನೀವು ಬಲ್ಲೋರು, ನೋಡಿ ಹೇಳ್ರಿ.”

ಆಮೇಲೆ ನಿಧಾನವಾಗಿ ಉಳಿದದ್ದನ್ನೂ ಹೇಳಿದರು. ಮಗಳ ಮೊದಲ ಹೆರಿಗೆ, ಬಾಣಂತನ ಹೊಂಗಸಂದ್ರದ ಇವರ ಮನೆಯಲ್ಲೇ ನಡೆಯುತ್ತಿದೆ. ಅವರ ಕಡೆ ತೊಟ್ಟಿಲಿಗೆ ಮಗುವನ್ನು ಹಾಕುವಾಗ ತಾಯಿಯ ತಾಯಿ ಪದ ಹಾಡಬೇಕು. ಶಿವಕ್ಕನ ಮಗಳಿಗೆ ಶಿವಕ್ಕನ ಅವ್ವ ತಾನೇ ಕಟ್ಟಿ ಹಾಡಿದ್ದರಂತೆ. ಮೊಮ್ಮಗಳಿಗೆ ತಾನೂ ಸ್ವಂತ ಪದವನ್ನೇ ಹಾಡಬೇಕೆಂದು ಶಿವಕ್ಕ ಏಳು ತಿಂಗಳಿಂದ ಮಿಷಿನ್ನಿನ ಮುಂದೆ ಕೂತು ಕಟ್ಟಿದ್ದರು. ಕವನ ಸ್ಪರ್ಧೆಗೆ ಕೊಟ್ಟದ್ದು ಬಹುಮಾನದ ಆಸೆಗಲ್ಲ. ಟೈಪ್ ಆಗಿ ಬರುತ್ತದೆ, ಮುಂದೆ ಮೊಮ್ಮಗಳು ಓದಿಕೊಳ್ಳುತ್ತಾಳೆ ಎಂದು.

ಆ ಸಂಜೆ ಮನೆಗೆ ಹೋದವಳೇ ಪುಸ್ತಕ ತೆಗೆದೆ. ಸಹನಾಳನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ನಾನು ಓದದೆ ಬಿಟ್ಟಿದ್ದ ಪುಟಗಳನ್ನು ತಿರುವಿ ತೋರಿಸಿದಳು. ಮೂರು ಸಾಲಿನ ಪದ್ಯಕ್ಕೆ ತ್ರಿಪದಿ ಎಂದು ಹೆಸರು. ಹಳ್ಳಿಯ ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡುತ್ತಾ ಬಂದದ್ದು ಹೆಚ್ಚಾಗಿ ಇದೇ. ಪ್ರಾಸವೂ ಕೊನೆಯಲ್ಲೇ ಇರಬೇಕಾಗಿಲ್ಲ. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿ ಬಂದರೆ ಅದು ಆದಿಪ್ರಾಸ. ಕನ್ನಡದಲ್ಲಿ ಹಳಬರು ಬಿಡದೆ ಪಾಲಿಸಿಕೊಂಡು ಬಂದದ್ದು ಅದನ್ನೇ.

ಶಿವಕ್ಕನ ಹಾಡನ್ನು ಹರವಿ ನೋಡಿದೆ. ಹೊಲಿ, ಎಲಿ, ಅಲ. ಗಾಡಿ, ಹಾಡಿ, ಕಾಡು. ಒಂದು ಅಕ್ಷರ ಆಚೀಚೆ ಇಲ್ಲ. ಬಟ್ಟಲು, ಗೆರೆ ಹಾಕುತ್ತಾ ಹೋದೆ. ಐದು ಐದು ಐದು ಐದು. ಐದು ಮೂರು ಐದು ಐದು. ಐದು ಮೂರು ಐದು. ಎರಡು ಪದ್ಯಕ್ಕೂ ಅದೇ ಅಳತೆ. ‘ಅಳಬ್ಯಾಡ’ ಒಂದೇ ಕಡೆ ಒಂದು ಮಾತ್ರೆ ಹೆಚ್ಚಿದೆಯಲ್ಲ ಎಂದು ಸಹನಾ ಅಂದಳು. ಬಾಯಲ್ಲಿ ತೇಲಿಸಿ ಹೇಳಿ ನೋಡಿದೆವು, ಅದೂ ಐದೇ ಆಯಿತು. ಅವರ ಕಾಲರಿನಂತೆಯೇ ಇತ್ತು ಹಾಡು. ಆ ಹಾಡಿಗೆ ನಾನು ಮೂರು ಅಂಕದ ವಿದ್ಯೆ ಇಟ್ಟುಕೊಂಡು ತೇಪೆ ಹಾಕಿಸಿದ್ದೆ. ತಪ್ಪಿರುವ ಅಂಗಿಯನ್ನು ಓಕೆ ಮಾಡಿ ಬಿಟ್ಟದ್ದು ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಇರಬಹುದು. ಸರಿಯಿದ್ದದ್ದನ್ನು ಬಿಚ್ಚಿಸಿದ್ದು ಇದೇ ಮೊದಲು. ನನಗೆ ನಿಜವಾಗಿ ನಾಚಿಕೆಯಾಯಿತು.

ಬೆಳಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಸಿಂಗಸಂದ್ರ, ಕೂಡ್ಲು ಗೇಟ್, ಹೊಂಗಸಂದ್ರ ಎಂದು ಕೂಗುತ್ತಿದ್ದ. ಮೆಟ್ರೊ ಬಂದ ಮೇಲೂ ನಾನು ಬಸ್ಸು ಬಿಟ್ಟಿಲ್ಲ, ಕೂತು ಹೋಗುವ ಅಭ್ಯಾಸ. ಸಿಂಗಸಂದ್ರ, ಹೊಂಗಸಂದ್ರ. ಎರಡನೇ ಅಕ್ಷರ ‘ಗ’, ಅದಕ್ಕೆ ಮೊದಲು ಸೊನ್ನೆ, ಆರಾರು ಮಾತ್ರೆ. ನಾನಿರುವ ಊರಿಗೂ ಶಿವಕ್ಕನಿರುವ ಊರಿಗೂ ಆದಿಪ್ರಾಸವೂ ಇತ್ತು, ಅಂತ್ಯಪ್ರಾಸವೂ ಇತ್ತು. ಸಿಂಗಸಂದ್ರಕ್ಕೆ ಮನೆ ಬದಲಿಸಿದ ಮೇಲೆ ಹದಿನೈದು ವರ್ಷದಿಂದ ದಿನಾ ಕೇಳಿದ್ದು ಆವತ್ತು ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ. ಆವತ್ತು ಇಂಗು ತಿಂದ ಮಂಗನಂತೆ ಕೂತಿದ್ದೆ.

ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಹೋಗಿ ಶಿವಕ್ಕನ ಪಕ್ಕ ಕೂತೆ. ಅವರ ಬೆಂಚಿಗೆ ನಾನು ಹೋದದ್ದು ಅದೇ ಮೊದಲು. ತಪ್ಪು ನಿಮ್ಮದಲ್ಲ, ನನ್ನದು ಅಂದೆ. ಮೂರೇ ಸಾಲು ಸರಿ, ಅದಕ್ಕೆ ತ್ರಿಪದಿ ಅಂತ ಹೆಸರಿದೆ, ಎರಡನೇ ಅಕ್ಷರದ ಪ್ರಾಸವೂ ಇದೆ, ನಾನು ಪೂರ್ತಿ ಓದದೆ ವಾಪಸ್ ಕೊಟ್ಟೆ, ಆ ನಾಲ್ಕನೇ ಸಾಲನ್ನು ಕಿತ್ತು ಹಾಕಿ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಶಿವಕ್ಕ ಮುರಿದ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟು ನನ್ನ ಕಡೆ ತಿರುಗಿದರು. ಅವರು ಹೇಳಿದ್ದು ನಾನು ಎದುರು ನೋಡಿದ್ದಲ್ಲ.

“ಇಲ್ರಿ ಮೇಡಂ. ನೀವಂದಿದ್ದು ಖರೇನ ಐತಿ. ಒಂದು ಸಾಲು ಕಡಿಮಿ ಅಂತ ನನಗೂ ಅನಸ್ತಿತ್ತು, ಅದಕ್ಕ ನೀವು ಹೇಳಿದಕೂಡ್ಲೆ ಹೂಂ ಅಂದೆ. ಊರಾಗ ನಾವು ಎರಡನೇ ಸಾಲು ಅಂದಕೂಡ್ಲೆ ಕುಂತ ಹೆಣ್ಮಕ್ಳು ಅದನ್ನ ಇನ್ನೊಮ್ಮಿ ಅಂತಿದ್ರು. ಹಿಂದ ಹಿಡಿಯೋದು ಅಂತಾರ. ಅವರು ಹಿಡಿದ ಮ್ಯಾಲೆ ನಾವು ಮೂರನೇದ್ದು ಹಾಡೋದು. ಇಲ್ಲಿ ಮಿಷಿನ್ ಮುಂದ ಒಬ್ಬಾಕಿನ ಕಟ್ಟಿದ್ದಲ್ರಿ. ಹಿಡಿಯೋರು ಯಾರಿದ್ರು?”

ಅಂದರೆ ಹಾಡುವಾಗ ಅದು ನಾಲ್ಕು ಸಾಲೇ. ಕಾಗದದ ಮೇಲೆ ಮಾತ್ರ ಮೂರು. ಕಡಿಮೆ ಇದ್ದದ್ದು ಎಲ್ಲಿ ಅನ್ನುವುದನ್ನು ನಾನೂ ಕಂಡುಹಿಡಿಯಲಿಲ್ಲ, ಸಹನಾಳ ಪುಸ್ತಕದಲ್ಲೂ ಇರಲಿಲ್ಲ. ಭಾನುವಾರ ನಿಮ್ಮ ಊರಿನವರು ಬರುವುದಿಲ್ಲವೇ ಎಂದು ಕೇಳಿದೆ. ಕೊಯ್ಲಿನ ಕಾಲ, ಬೀಗರ ಕಡೆಯ ಗಂಡಸರು ನಾಲ್ಕು ಜನ ಬಂದು ಹೋಗುತ್ತಾರೆ, ಹೆಂಗಸರು ಯಾರೂ ಬರುವ ಹಾಗಿಲ್ಲ ಅಂದರು. ವಠಾರದಲ್ಲಿರುವವರಲ್ಲಿ ಒಬ್ಬರು ತಮಿಳಿನವರು, ಒಬ್ಬರು ಒಡಿಶಾದವರು. ನೀವು ಬರ್ರಿ ಮೇಡಂ ಎಂದು ಕರೆದರು. ಬರುತ್ತೇನೆ ಅಂದೆ. ಹಾಡುತ್ತೇನೆ ಅನ್ನಲಿಲ್ಲ.

ನನ್ನ ಗಂಟಲಿನ ಬಗ್ಗೆ ಈಗಲಾದರೂ ಹೇಳಬೇಕು. ಮನೆಯಲ್ಲಿ ನಾನು ಗುನುಗಿದರೆ ಸಹನಾ ಬಾಗಿಲು ಹಾಕಿಕೊಳ್ಳುತ್ತಾಳೆ. ಆರತಿ ಹಾಡನ್ನು ನಾನು ಶುರು ಮಾಡಿದರೆ ನಮ್ಮ ಅತ್ತೆ ಬೇಗ ಗಂಟೆ ಬಾರಿಸಿ ಮುಗಿಸಿಬಿಡುತ್ತಾರೆ. ಮಾತ್ರೆ ಎಣಿಸುವುದು ಬೇರೆ, ರಾಗ ಹಿಡಿಯುವುದು ಬೇರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೆ ಹಾಗೆ ಹೇಳಲು ನೆಲವೂ ಸಿಗಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಹೊಂಗಸಂದ್ರಕ್ಕೆ ಹೋದೆ. ಸಾಲಾಗಿ ಆರು ಮನೆಗಳು, ಮುಂದೆ ಉದ್ದಕ್ಕೆ ಒಂದು ಜಗಲಿ. ಶಿವಕ್ಕನ ಮನೆಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿದ್ದರು, ಸೀರೆ ಕಾಣದಂತೆ ಸೇವಂತಿಗೆ ಹಾರ ಸುತ್ತಿದ್ದರು. ಒಳಗೆ ಹತ್ತು ಹನ್ನೆರಡು ಹೆಂಗಸರು ಒತ್ತಿಕೊಂಡು ಕೂತಿದ್ದೆವು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮನೆಯ ಓನರ್ ಮುನಿಯಮ್ಮ ಕೂತಿದ್ದರು. ಈ ವಠಾರವಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು. ನನ್ನನ್ನು ನೋಡಿ, ನೀನೂ ಅದೇ ಪ್ಯಾಕ್ಟ್ರಿನಾ ಎಂದು ಕೇಳಿ ತಲೆಯಾಡಿಸಿದರು.

ಮಗುವಿಗೆ ಎಲೆ ಹಸಿರು ಅಂಗಿ ಹಾಕಿದ್ದರು. ನನ್ನ ಕಣ್ಣು ತಾನಾಗಿ ಅದರ ಕಾಲರಿನ ಕಡೆ ಹೋಯಿತು, ತಪ್ಪೇನೂ ಕಾಣಲಿಲ್ಲ. ಮಗುವನ್ನು ತೊಟ್ಟಿಲಿನ ಕೆಳಗಿನಿಂದ ಮೇಲಕ್ಕೆ ಮೂರು ಸಲ ದಾಟಿಸಿ ಒಳಗೆ ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳಿದರು. ಎಲ್ಲರೂ ಶಿವಕ್ಕನ ಕಡೆ ನೋಡಿದರು. ಮೂರು ನಾಲ್ಕು ಜನ ಫೋನು ಎತ್ತಿ ಹಿಡಿದರು.

ಶಿವಕ್ಕ ತೊಟ್ಟಿಲ ಹಗ್ಗ ಹಿಡಿದು ಶುರು ಮಾಡಿದರು. ಅವರು ಹಾಡುವ ದನಿಯನ್ನು ನಾನು ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ. ಮಿಷಿನ್ನಿನ ಸದ್ದಿನಲ್ಲಿ ಹೂಂ ರೀ ಅನ್ನುವುದನ್ನೇ ಹೆಚ್ಚಾಗಿ ಕೇಳಿದ್ದೆ. ‘ಹೊಲಿಯೂವ ಕೈಯಾಗ’ ಎಂದು ಎತ್ತಿದ ಕೂಡಲೇ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಎರಡನೇ ಸಾಲು ಬಂತು. ‘ಎಲಿಹಸಿರು ಅಂಗಿ ಹೊಲಿದೇನ, ನನ ಕಂದ.’ ಅಲ್ಲಿ ನಿಲ್ಲಿಸಿದರು.

ಯಾರೂ ಹಿಡಿಯಲಿಲ್ಲ. ಒಡಿಶಾದ ಹುಡುಗಿ ಫೋನು ನೋಡುತ್ತಿದ್ದಳು. ಮುನಿಯಮ್ಮ ಕುರ್ಚಿಯ ತುದಿಗೆ ಬಂದಿದ್ದರು, ಆದರೆ ಅವರಿಗೆ ಪದ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಆ ಸಾಲು ಬಾಯಿಗೆ ಬರುತ್ತಿದ್ದವಳು ಶಿವಕ್ಕನನ್ನು ಬಿಟ್ಟರೆ ನಾನೊಬ್ಬಳೇ, ಬಟ್ಟಲು ಗೆರೆ ಹಾಕಿ ಹಾಕಿ ನನಗದು ಬಾಯಿಪಾಠವಾಗಿತ್ತು. ಶಿವಕ್ಕ ಕಾದರು. ತೊಟ್ಟಿಲು ಆ ಕಡೆ ಹೋಗಿ ಈ ಕಡೆ ಬಂತು. ಕೊನೆಗೆ ಅವರು ಕಣ್ಣು ಮುಚ್ಚಿ, ಸಣ್ಣ ದನಿಯಲ್ಲಿ, “ನೋಡಾಕ...” ಅಂದರು. ಹಿಡಿಯುವವರಿಲ್ಲದ ಜಾಗಕ್ಕೆ ನನ್ನ ತೇಪೆಯೇ ಬಂದು ಕೂರುತ್ತಿತ್ತು.

“ಎಲಿಹಸಿರು ಅಂಗಿ ಹೊಲಿದೇನ, ನನ ಕಂದ” ಎಂದು ನಾನು ಕೂಗಿಬಿಟ್ಟೆ. ಅದು ಹಾಡಾಗಿರಲಿಲ್ಲ. ಪ್ರೊಡಕ್ಷನ್ ಹೊತ್ತಿನಲ್ಲಿ ಲೈನಿನ ಆ ತುದಿಗೆ ಕೇಳುವಂತೆ ಕೂಗುತ್ತೇನಲ್ಲ, ಆ ದನಿ. ಒಬ್ಬರಿಬ್ಬರು ನಕ್ಕರು. ಬಾಗಿಲ ಹತ್ತಿರದಿಂದ ಮುನಿಯಮ್ಮ, “ಅಂಗಲ್ಲ ಕಣಮ್ಮ, ಎಳ್ದು ಏಳ್ಬೇಕು” ಎಂದು ನನ್ನ ಸಾಲನ್ನೇ ಎತ್ತಿಕೊಂಡು, ತಮ್ಮ ಕಡೆಯ ರಾಗದಲ್ಲಿ ಎಳೆದು ಹೇಳಿದರು. ನಾನು ಅವರ ದನಿಯ ಹಿಂದೆ ಹಿಂದೆ ಹೋದೆ. ಪಕ್ಕದಲ್ಲಿದ್ದ ತಮಿಳಿನ ಹೆಂಗಸು ‘ಕಂದ’ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಿದಳು.

ಶಿವಕ್ಕ ಕಣ್ಣು ಬಿಟ್ಟು ನಮ್ಮನ್ನು ನೋಡಿದರು. ನಾವು ಮುಗಿಸುವವರೆಗೆ ಕಾದು, ಮೂರನೇ ಸಾಲನ್ನು ಒಬ್ಬರೇ ಹಾಡಿದರು. ತೊಟ್ಲ ನಗತೈತಿ ಎಂದು ದನಿ ಇಳಿಸಿ ನಿಲ್ಲಿಸಿದರು. ಅದರ ಮುಂದೆ ‘ನೋಡಾಕ’ ಅವರ ಬಾಯಿಗೆ ಬರಲಿಲ್ಲ.